ಗಾಡಿ ಓಡಿಸಬೇಡಿ ಎಂದರು, ಗಾಡಿ ಹೊರಗೆ ನಿಂತಿತ್ತು

ಸಪ್ತಾಪುರದವನು
ಎಲ್ಲರಿಗೂ ನಮಸ್ಕಾರ. ಮೊನ್ನೆ ಮಂಗಳವಾರ ನಾನು ಮಾಡಿದ ಒಂದು ದಡ್ಡತನವನ್ನು ಬರೆಯುತ್ತಿದ್ದೇನೆ. ಬೈಯುವವರು ಬೈಯಿರಿ, ಆದರೆ ಕೊನೆಯಲ್ಲಿ ಕೇಳಿರುವುದಕ್ಕೆ ಉತ್ತರವನ್ನೂ ಕೊಡಿ.

ನನಗೆ ನಲವತ್ತೇಳು. ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ಕಣ್ಣಿನ ಹಿಂಭಾಗವನ್ನು ಒಮ್ಮೆ ತೋರಿಸಿಕೊಂಡು ಬನ್ನಿ ಎಂದು ಧಾರವಾಡದ ನಮ್ಮ ವೈದ್ಯರು ಎರಡು ಸಲ ಹೇಳಿದ್ದರು, ಮೂರನೆಯ ಸಲ ಗದರಿಸಿದರು. ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ ಸಮಯ ಪಡೆದು, ಕಚೇರಿಗೆ ಅರ್ಧ ದಿನ ರಜೆ ಹಾಕಿ, ಸ್ಕೂಟರ್ ಹತ್ತಿ ಹೋದೆ. ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದರು. ಸ್ವಲ್ಪ ಉರಿಯಿತು, ಆಮೇಲೆ ಗಂಟಲಲ್ಲಿ ಕಹಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದರು, ಮತ್ತೂ ಒಮ್ಮೆ ಹಾಕಿದರು. ಕಣ್ಣು ಮುಚ್ಚಿಕೊಂಡು ಸಾಲಾಗಿ ಕುಳಿತಿದ್ದ ನಾವು ಹತ್ತು ಹನ್ನೆರಡು ಜನ ಯಾವುದೋ ಮಠದಲ್ಲಿ ಧ್ಯಾನಕ್ಕೆ ಕುಳಿತವರಂತೆ ಕಾಣುತ್ತಿದ್ದೆವೋ ಏನೋ. ವೈದ್ಯರು ನೋಡಿ, ಕಣ್ಣಿನ ಹಿಂಭಾಗದ ಪರದೆ ಚೆನ್ನಾಗಿದೆ, ಮುಂದಿನ ವರ್ಷ ಬನ್ನಿ ಎಂದರು. ಸಂತೋಷವಾಯಿತು. ಹಣ ಕಟ್ಟುವ ಕಿಟಕಿಯಲ್ಲಿ ರಸೀದಿ ಕೊಡುತ್ತಾ ಆ ಹುಡುಗಿ ಹೇಳಿದಳು: "ಇವತ್ತು ಗಾಡಿ ಓಡಿಸಬೇಡಿ ಸರ್."

ಗಾಡಿ ಹೊರಗೆ ನಿಂತಿತ್ತು. ಗಂಟೆ ನಾಲ್ಕು. ಇಪ್ಪತ್ತು ಕಿಲೋಮೀಟರ್ ತಾನೇ ಎಂದುಕೊಂಡೆ.

ವಿದ್ಯಾನಗರ ದಾಟುವವರೆಗೆ ಹೇಗೋ ಬಂದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ರಸ್ತೆ ವಾಯವ್ಯಕ್ಕೆ ಮುಖ ಮಾಡಿದೆ. ಸಾಯಂಕಾಲದ ಸೂರ್ಯ ಎಡಗಡೆಯಿಂದ ಓರೆಯಾಗಿ ನೇರ ಮುಖಕ್ಕೇ ಬೀಳುತ್ತಾನೆ. ದಿನವೂ ಓಡಾಡುವ ದಾರಿಯಾದರೂ ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಮುಂದಿನ ಕಾರಿನ ಹಿಂದಿನ ಗಾಜು ಹೊತ್ತಿ ಉರಿಯುವ ತಗಡಿನಂತೆ ಕಂಡಿತು. ರಸ್ತೆಯೆಲ್ಲ ಬೆಳ್ಳಗೆ. ಆ ಕಾರು ನಿಂತದ್ದು, ಅದರ ಕೆಂಪು ದೀಪ ಹತ್ತಿದ್ದು ನನಗೆ ಕಾಣಿಸಲೇ ಇಲ್ಲ. ಒಂದು ಮೊಳ ಅಂತರದಲ್ಲಿ ಬ್ರೇಕು ಹಿಡಿಯಿತು. ಉಣಕಲ್ ಕೆರೆಯ ಹತ್ತಿರ ಮರದ ಕೆಳಗೆ ಗಾಡಿ ನಿಲ್ಲಿಸಿ ಕುಳಿತುಬಿಟ್ಟೆ. ಮನೆಯವಳಿಗೆ ಫೋನ್ ಮಾಡೋಣವೆಂದರೆ ಮೊಬೈಲಿನಲ್ಲಿ ಒಂದು ಅಕ್ಷರವೂ ಕಾಣಿಸದು! ಎಳನೀರು ಮಾರುವ ಹುಡುಗನ ಕೈಗೆ ಫೋನ್ ಕೊಟ್ಟು, ಹೆಸರು ಹೇಳಿ, ಹಚ್ಚಿಸಿಕೊಂಡೆ. ಸಂಜೆ ಭಾವಮೈದುನ ಬಂದು ಕರೆದುಕೊಂಡು ಹೋದ.

ಈಗ ಪ್ರಶ್ನೆ. ಈ ಮಂಜು ಎಷ್ಟು ಹೊತ್ತು ಇರುತ್ತದೆ? ಅಷ್ಟು ಬಿಸಿಲು ಕಣ್ಣೊಳಗೆ ಹೋದದ್ದರಿಂದ ಏನಾದರೂ ಕೆಟ್ಟಿರುತ್ತದೆಯೇ? ಎಂಥ ಕಪ್ಪು ಚಸ್ಮಾ ಕೊಳ್ಳಬೇಕು? ಎಲ್ಲಕ್ಕಿಂತ ಮೊದಲು, ಈ ಮಾತನ್ನು ಫೋನಿನಲ್ಲೇ ಹೇಳಲು ಏನಾಗಿತ್ತು?

ಹಳೆಯ ಟಾರ್ಚ್
ಸರ್, ನಾನು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರ ಸಹಾಯಕನಾಗಿ ಕೆಲಸ ಮಾಡಿ ನಿವೃತ್ತನಾದವನು. ವೈದ್ಯನಲ್ಲ, ಆದ್ದರಿಂದ ನಿಮ್ಮ ವೈದ್ಯರ ಮಾತೇ ಕೊನೆಯದು. ಎಷ್ಟು ಸಾವಿರ ಕಣ್ಣಿಗೆ ಈ ಹನಿ ಹಾಕಿದ್ದೇನೆ ಎಂಬ ಲೆಕ್ಕ ನನಗಿಲ್ಲ.

ಮೊದಲು ಆ ಬೆಳ್ಳನೆಯ ರಸ್ತೆಯ ವಿಷಯ. ಕಣ್ಣಿನ ಪಾಪೆ ಎಂದರೆ ಒಂದು ಕಿಂಡಿ. ಬಿಸಿಲಿಗೆ ಬಂದೊಡನೆ ಅದು ಎರಡು ಮೂರು ಮಿಲಿಮೀಟರಿಗೆ ಮುದುಡುತ್ತದೆ, ಕತ್ತಲಲ್ಲಿ ಹಿಗ್ಗುತ್ತದೆ. ಮುದುಡಿಸುವ ಸ್ನಾಯುವನ್ನು ನಿಮಗೆ ಹಾಕಿದ ಹನಿ ಕೆಲವು ಗಂಟೆ ಮಲಗಿಸಿಬಿಡುತ್ತದೆ. ಹೆಚ್ಚಾಗಿ ಬಳಸುವುದು ಟ್ರೋಪಿಕಮೈಡ್. ನಮ್ಮಲ್ಲಿ ಅದರ ಜೊತೆ ಫಿನೈಲ್‌ಎಫ್ರಿನ್ ಸೇರಿಸಿದ ಹನಿಯೇ ಹೆಚ್ಚು. ಅದು ಹಿಗ್ಗಿಸುವ ಸ್ನಾಯುವನ್ನು ಎಳೆಯುತ್ತದೆ. ಒಬ್ಬ ಬಾಗಿಲು ಮುಚ್ಚದಂತೆ ಹಿಡಿದುಕೊಂಡರೆ ಇನ್ನೊಬ್ಬ ಪೂರ್ತಿ ತೆರೆದು ನಿಲ್ಲುತ್ತಾನೆ. ಪಾಪೆ ಏಳೆಂಟು ಮಿಲಿಮೀಟರಿಗೆ ಬರುತ್ತದೆ. ಎರಡು ಎಂಟಾದರೆ ನಾಲ್ಕು ಪಟ್ಟು ಎಂದು ತಿಳಿಯಬೇಡಿ. ಕಿಂಡಿಯ ಅಗಲ ನಾಲ್ಕು ಪಟ್ಟಾದರೆ ಒಳಗೆ ಬರುವ ಬೆಳಕು ಹದಿನಾರು ಪಟ್ಟು. ನಿಮ್ಮ ಕಾರಿನ ಗಾಜು ಹೊತ್ತಿ ಉರಿದದ್ದು ಅದಕ್ಕೆ. ಸಾಲದ್ದಕ್ಕೆ, ಎಂದೂ ಬಳಸದ ಮಸೂರದ ಅಂಚಿನಿಂದಲೂ ಬೆಳಕು ನುಗ್ಗುತ್ತದೆ. ಅದು ಸರಿಯಾಗಿ ಒಂದೆಡೆ ಸೇರುವುದಿಲ್ಲ, ದೀಪದ ಸುತ್ತ ಹರಡಿಕೊಳ್ಳುತ್ತದೆ.

ಮೊಬೈಲ್ ಕಾಣದಿರುವುದು ಬೇರೆ ಕಥೆ. ಹತ್ತಿರದ್ದನ್ನು ನೋಡಲು ಮಸೂರವನ್ನು ಉಬ್ಬಿಸುವ ಸ್ನಾಯುವೂ ಅದೇ ಹನಿಗೆ ಮಲಗುತ್ತದೆ. ಗಂಟಲು ಕಹಿಯಾದದ್ದು ಕಣ್ಣಿನಿಂದ ಮೂಗಿಗೆ ಇರುವ ಕಾಲುವೆಯಿಂದ. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಅದೂ ಕಡಿಮೆ, ಮೈಗೆ ಇಳಿಯುವ ಔಷಧವೂ ಕಡಿಮೆ. ಮೂರು ಸಲ ಹಾಕಿದ್ದು ನರ್ಸಿನ ತಪ್ಪಲ್ಲ. ನಮ್ಮ ಕಪ್ಪು ಕಂದು ಕಣ್ಣುಗಳಲ್ಲಿ ಬಣ್ಣದ ಅಂಶವೇ ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಾಪೆ ಹಿಗ್ಗುವುದು ನಿಧಾನ.

ಎಷ್ಟು ಹೊತ್ತು ಎಂಬುದು ಯಾವ ಹನಿ ಎಂಬುದರ ಮೇಲೆ. ಟ್ರೋಪಿಕಮೈಡ್ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಗಂಟೆ, ಕೆಲವರಿಗೆ ಮಾರನೆಯ ಬೆಳಗಿನವರೆಗೂ ಸ್ವಲ್ಪ ಉಳಿಯುತ್ತದೆ. ಸೈಕ್ಲೋಪೆಂಟೊಲೇಟ್ ಒಂದು ದಿನ. ಹೋಮಟ್ರೋಪಿನ್ ಒಂದರಿಂದ ಮೂರು ದಿನ. ಅಟ್ರೋಪಿನ್ ಆದರೆ ವಾರ, ಹತ್ತು ದಿನ, ಕೆಲವೊಮ್ಮೆ ಎರಡು ವಾರ. ಎಲ್ಲರೂ "ಡ್ರಾಪ್ಸ್ ಹಾಕಿದರು" ಎನ್ನುತ್ತಾರೆ, ಹೆಸರು ಕೇಳುವುದಿಲ್ಲ. ಚೀಟಿಯಲ್ಲಿ ಹನಿಯ ಹೆಸರು ಬರೆಸಿಕೊಳ್ಳಿ.

ಆ ಬಿಸಿಲಿನಿಂದ ನಿಮ್ಮ ಕಣ್ಣು ಕೆಟ್ಟಿರುವುದಿಲ್ಲ. ಕಣ್ಣು ಕುಕ್ಕುವುದು ಬೇರೆ, ಗಾಯವಾಗುವುದು ಬೇರೆ. ಆದರೆ ಪಾಪೆ ಹಿಗ್ಗಿರುವಾಗ ಸೂರ್ಯನನ್ನೇ ನೆಟ್ಟಗೆ ನೋಡಬಾರದು. ನೆಟ್ಟಗೆ ನೋಡಿದರೆ ಪರದೆ ಸುಡುವುದು ಮಾಮೂಲು ಕಣ್ಣಿಗೂ ಉಂಟು, ಹಿಗ್ಗಿದ ಕಣ್ಣಿಗೆ ಇನ್ನೂ ಬೇಗ.

ಹೊಸೂರು ಸರ್ಕಲ್
ಇಷ್ಟು ದೊಡ್ಡ ಪುರಾಣ ಬೇಕೇ? ನಾನು ಐದು ವರ್ಷದಿಂದ ಪ್ರತಿ ವರ್ಷ ಹನಿ ಹಾಕಿಸಿಕೊಂಡು ನಾನೇ ಬೈಕ್ ಓಡಿಸಿಕೊಂಡು ಬರುತ್ತೇನೆ. ಏನೂ ಆಗಿಲ್ಲ. ದೂರದ್ದು ಸ್ಪಷ್ಟವಾಗಿಯೇ ಕಾಣುತ್ತದೆ. ಬೋರ್ಡು ಓದಬಹುದು, ಸಿಗ್ನಲ್ ಕಾಣುತ್ತದೆ. ಹೆದರಿದವರಿಗೆ ಮಾತ್ರ ತೊಂದರೆ.

ಸಪ್ತಾಪುರದವನು
ಹೊಸೂರಿನವರೇ, ನನಗೂ ವಿದ್ಯಾನಗರದವರೆಗೆ ಏನೂ ಆಗಿರಲಿಲ್ಲ.

ಹಳೆಯ ಟಾರ್ಚ್
ಹೊಸೂರಿನ ತಮ್ಮಾ, ನೀನು ಹೇಳುವುದರಲ್ಲಿ ಅರ್ಧ ನಿಜ. ಬಿಳಿಯ ಬೋರ್ಡಿನ ಮೇಲಿನ ಕಪ್ಪು ಅಕ್ಷರ ಹಲವರಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನಮ್ಮ ರಸ್ತೆಯಲ್ಲಿ ಅಡ್ಡ ಬರುವುದು ಬೋರ್ಡಲ್ಲ. ಮರದ ನೆರಳಿನಲ್ಲಿ ನಿಂತ ಎಮ್ಮೆ, ಧೂಳು ಬಣ್ಣದ ಸೀರೆ ಉಟ್ಟು ರಸ್ತೆ ದಾಟುವ ಮುದುಕಿ, ಗುರುತು ಹಾಕದ ರಸ್ತೆ ಉಬ್ಬು. ಬಣ್ಣಕ್ಕೂ ಬಣ್ಣಕ್ಕೂ ಇರುವ ಆ ಸಣ್ಣ ವ್ಯತ್ಯಾಸವನ್ನು ಕಣ್ಣು ಕಳೆದುಕೊಳ್ಳುವುದು ಎದುರು ಬೆಳಕು ಬಿದ್ದಾಗಲೇ. ಬೈಕಿನ ಸ್ಪೀಡೋಮೀಟರಾದರೂ ಕಾಣುತ್ತದೆಯೇ? ಐದು ವರ್ಷ ಎಮ್ಮೆ ಅಡ್ಡ ಬಂದಿಲ್ಲ, ಅಷ್ಟೇ.

ಹೊಸೂರು ಸರ್ಕಲ್
ಸ್ಪೀಡೋಮೀಟರ್ ಮಾಮೂಲು ದಿನವೂ ನೋಡುವುದಿಲ್ಲ ಕಾಕಾ.

ನವನಗರ ಕಾರ್ನರ್
ಹಾಗಾದರೆ ಸಾಯಂಕಾಲ ಐದರ ಮೇಲೆ ಸಮಯ ತೆಗೆದುಕೊಂಡರೆ ಮುಗಿಯಿತಲ್ಲ, ಬಿಸಿಲೇ ಇರುವುದಿಲ್ಲ.

ಹಳೆಯ ಟಾರ್ಚ್
ಬಸ್ಸಿನಲ್ಲಿ ಹೋಗುವವರಿಗೆ ಒಳ್ಳೆಯ ಉಪಾಯ. ಗಾಡಿ ಓಡಿಸುವವರಿಗೆ ಮಾತ್ರ ಇನ್ನೂ ಕೆಟ್ಟದ್ದು. ಈಗಿನ ಎಲ್‌ಇಡಿ ಹೆಡ್‌ಲೈಟು ಹಿಗ್ಗಿದ ಪಾಪೆಗೆ ಬಿದ್ದರೆ ಎದುರಿಗೆ ಒಂದೇ ಬಿಳಿ ಚೆಂಡು ಕಾಣುತ್ತದೆ. ಅದರ ಪಕ್ಕದಲ್ಲಿ ನಡೆಯುವವನು ಇದ್ದಾನೆ ಎಂಬುದೇ ತಿಳಿಯುವುದಿಲ್ಲ.

ಬೆಟಗೇರಿ ಮಗ್ಗ
ನಮ್ಮ ಅಪ್ಪ ಕೈಮಗ್ಗದವರು, ಅರವತ್ತರ ಹತ್ತಿರ. ಹೋದ ತಿಂಗಳು ಗದಗದಲ್ಲಿ ಅಪ್ಪನನ್ನು ಕಣ್ಣು ತೋರಿಸಲು ಕರೆದುಕೊಂಡು ಹೋದೆ. ಬಂದದ್ದಕ್ಕೆ ನಾನೂ ತೋರಿಸಿಕೊಂಡೆ. ನನಗೆ ಇಪ್ಪತ್ತೆಂಟು, ಚಸ್ಮಾ ಇಲ್ಲ. ಇಬ್ಬರಿಗೂ ಅದೇ ಹನಿ. ಹೊರಗೆ ಬಂದ ಮೇಲೆ ಅಪ್ಪ ಎಂದಿನ ಚಾಳೀಸು ಹಾಕಿಕೊಂಡು ಔಷಧದ ಚೀಟಿ ಓದಿದರು, ಚಿಲ್ಲರೆ ಎಣಿಸಿದರು. ನನಗೆ ನನ್ನ ಕೈಗೆರೆಯೇ ಕಾಣುತ್ತಿಲ್ಲ! "ನಿನ್ನನ್ನು ನಾನು ಕರೆದುಕೊಂಡು ಬಂದೆನೋ, ನೀನು ನನ್ನನ್ನೋ" ಎಂದು ದಾರಿಯುದ್ದಕ್ಕೂ ನಕ್ಕರು. ಇದು ಹೇಗೆ ಕಾಕಾ?

ಹಳೆಯ ಟಾರ್ಚ್
ತಂಗಿ, ಅಪ್ಪನ ಆ ಸ್ನಾಯುವಿಗೆ ಎಂದೋ ನಿವೃತ್ತಿ ಆಗಿದೆ. ನಲವತ್ತು ದಾಟಿದ ಮೇಲೆ ಮಸೂರ ಬಿರುಸಾಗುತ್ತಾ ಬಂದು ಅರವತ್ತರ ಹೊತ್ತಿಗೆ ಹತ್ತಿರದ ನೋಟದ ಕೆಲಸವನ್ನೆಲ್ಲ ಚಾಳೀಸೇ ಮಾಡುತ್ತದೆ. ಹನಿ ಮಲಗಿಸಬೇಕಾದ ಸ್ನಾಯು ಮೊದಲೇ ಸುಮ್ಮನಿದ್ದರೆ ಕಳೆದುಕೊಳ್ಳುವುದೇನು? ನಿನ್ನದು ಎಳೆಯ ಕಣ್ಣು, ಇಡೀ ಶಕ್ತಿ ಒಮ್ಮೆಲೇ ಹೋಯಿತು. ಇನ್ನೊಂದು ತಮಾಷೆ ಹೇಳುತ್ತೇನೆ. ಮೈನಸ್ ಮೂರರ ಚಸ್ಮಾ ಇರುವವರು ಹನಿಯ ದಿನ ಚಸ್ಮಾ ತೆಗೆದು ಮೊಬೈಲನ್ನು ಒಂದು ಅಡಿ ದೂರದಲ್ಲಿ ಹಿಡಿದರೆ ಓದಬಹುದು. ಅದು ಅವರ ಕಣ್ಣಿಗೆ ತಾನಾಗಿಯೇ ಕಾಣುವ ದೂರ, ಸ್ನಾಯು ಬೇಕಿಲ್ಲ.

ಅಪ್ಪ ಆ ದಿನ ಮಗ್ಗಕ್ಕೆ ಕೂರದಿದ್ದರೆ ಒಳ್ಳೆಯದಿತ್ತು. ಕಂಡರೂ ಬೆಳಕು ಕುಕ್ಕುತ್ತದೆ.

ಬೆಟಗೇರಿ ಮಗ್ಗ
ಕೂತರು. ಕಡಿದ ಎಳೆ ಜೋಡಿಸುವಾಗ ಹೊಳೆಯುವ ರೇಷ್ಮೆ ಅಂಚು ಕಣ್ಣಿಗೆ ಚುಚ್ಚುತ್ತದೆ ಎಂದು ಎದ್ದು ಬಂದರು. ಒಂದು ದಿನದ ಕೂಲಿ ಹೋಯಿತು. ಇದನ್ನೂ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲೇ ಹೇಳಿದ್ದರೆ ಮಗ್ಗದಿಂದ ಸೀರೆ ಇಳಿಸಿದ ಮಾರನೆಯ ದಿನ ಹೋಗುತ್ತಿದ್ದೆವು.

ಗೋಕುಲ ರಸ್ತೆ
ನನ್ನದು ವೆಲ್ಡಿಂಗ್ ಕೆಲಸ. ಬೆಳಿಗ್ಗೆ ಹನಿ ಹಾಕಿಸಿಕೊಂಡು ಎರಡನೆಯ ಪಾಳಿಗೆ ಹೋಗಬಹುದೇ? ಮುಖಕ್ಕೆ ಶೀಲ್ಡ್ ಇರುತ್ತದೆ.

ಹಳೆಯ ಟಾರ್ಚ್
ಬೇಡ. ಶೀಲ್ಡ್ ಇಳಿಸುವ ಮೊದಲಿನ ಒಂದು ಕ್ಷಣ, ಪಕ್ಕದವನ ಕಿಡಿ, ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಲೇತು, ಗರಗಸ, ಏಣಿ ಇವೂ ಆ ದಿನ ಬೇಡ.

ಚಸ್ಮಾ ಅಂಗಡಿ
ದಾಜಿಬಾನಪೇಟೆಯ ಕಡೆ ನನ್ನದೊಂದು ಸಣ್ಣ ಕನ್ನಡಕದ ಅಂಗಡಿ. ಕಪ್ಪು ಚಸ್ಮಾದ ಪ್ರಶ್ನೆ ನನ್ನ ಪಾಲಿಗೆ ಬಿಡಿ. ಗಾಜು ಕಪ್ಪಗಿರುವುದಕ್ಕೂ ನೇರಳಾತೀತ ಕಿರಣ ತಡೆಯುವುದಕ್ಕೂ ಸಂಬಂಧವಿಲ್ಲ. ಪೂರ್ತಿ ಬಿಳಿ ಗಾಜೂ ಅದನ್ನು ತಡೆಯಬಲ್ಲದು, ಕಾಡಿಗೆಯಂಥ ಕಪ್ಪು ಪ್ಲಾಸ್ಟಿಕ್ಕೂ ಬಿಟ್ಟುಬಿಡಬಹುದು. "ಯುವಿ 400" ಎಂದು ಬರೆದಿದ್ದರೆ 400 ನ್ಯಾನೊಮೀಟರ್‌ವರೆಗಿನ ಕಿರಣ ತಡೆಯುತ್ತದೆ ಎಂದರ್ಥ. ಪೋಲರಾಯ್ಡ್ ಎಂಬುದು ಮತ್ತೊಂದು ಗುಣ. ನೀರು, ಡಾಂಬರು, ಕಾರಿನ ಬಾನೆಟ್ಟಿನಿಂದ ಪುಟಿಯುವ ಹೊಳಪನ್ನು ಕಡಿಮೆ ಮಾಡುತ್ತದೆ. ದುರ್ಗದಬೈಲಿನಲ್ಲಿ ನೂರು ರೂಪಾಯಿಗೆ ಸಿಗುವುದರ ಮೇಲೂ ಯುವಿ 400 ಚೀಟಿ ಅಂಟಿಸಿರುತ್ತಾರೆ, ಆ ಚೀಟಿಯನ್ನು ನಂಬಬೇಡಿ. ನಮ್ಮಂಥ ಅಂಗಡಿಯಲ್ಲಿ ಅಳೆಯುವ ಸಣ್ಣ ಯಂತ್ರ ಇರುತ್ತದೆ, ಯಾವ ಚಸ್ಮಾ ತಂದರೂ ನೋಡಿ ಹೇಳುತ್ತೇವೆ.

ರಸ್ತೆ ಬದಿಯ ಕಪ್ಪು ಚಸ್ಮಾ ಹಾಕಿಕೊಳ್ಳುವುದು ಹಾಕಿಕೊಳ್ಳದೆ ಇರುವುದಕ್ಕಿಂತ ಅಪಾಯ. ಕತ್ತಲಾಯಿತೆಂದು ಪಾಪೆ ಹಿಗ್ಗಿ ಇನ್ನೂ ಹೆಚ್ಚು ಕಿರಣ ಒಳಗೆ ಹೋಗುತ್ತದೆ.

ಹಳೆಯ ಟಾರ್ಚ್
ಚಸ್ಮಾದವರೇ, ಕೊನೆಯ ಮಾತು ಮಾಮೂಲು ದಿನಕ್ಕೆ ಒಪ್ಪುವಂಥದ್ದು. ಹನಿಯ ದಿನಕ್ಕೆ ಒಪ್ಪುವುದಿಲ್ಲ. ಅಂದು ಪಾಪೆ ಮೊದಲೇ ಪೂರ್ತಿ ತೆರೆದಿದೆ, ಕಪ್ಪು ಗಾಜಿನ ಹಿಂದೆ ಇನ್ನೂ ಹಿಗ್ಗಲು ಜಾಗವೆಲ್ಲಿದೆ? ಏನೂ ಇಲ್ಲದಿರುವುದಕ್ಕಿಂತ ಅಂದು ನೂರು ರೂಪಾಯಿಯದ್ದೂ ವಾಸಿ. ಯುವಿ ತಡೆಯುವುದಿದ್ದರೆ ಇನ್ನೂ ಉತ್ತಮ, ಮಕ್ಕಳಿಗಂತೂ ಅದೇ ಬೇಕು. ದೊಡ್ಡವರ ಮಸೂರ ಆ ಕಿರಣವನ್ನು ಬಹುಮಟ್ಟಿಗೆ ತಾನೇ ತಡೆಯುತ್ತದೆ, ಎಳೆಯ ಮಸೂರ ಅಷ್ಟು ತಡೆಯುವುದಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಅಗಲ ಅಂಚಿನ ಟೋಪಿ. ಚಸ್ಮಾದ ಮೇಲಿನಿಂದ, ಪಕ್ಕದಿಂದ ನುಗ್ಗುವ ಬೆಳಕನ್ನು ಗಾಜು ತಡೆಯುವುದಿಲ್ಲ. ನಮ್ಮ ಹಿರಿಯರ ಪಟಕ, ಹೆಣ್ಣುಮಕ್ಕಳ ತಲೆಯ ಮೇಲಿನ ಸೆರಗು, ಹಳೆಯ ಕೊಡೆ ಇವೆಲ್ಲ ಇದಕ್ಕೆ ಹೇಳಿ ಮಾಡಿಸಿದವು. ಕಪ್ಪು ಚಸ್ಮಾ ಹಾಕಿಕೊಂಡರೆ ಗಾಡಿ ಓಡಿಸಬಹುದು ಎಂದು ಮಾತ್ರ ಯಾರೂ ತಿಳಿಯಬೇಡಿ.

ಚಸ್ಮಾ ಅಂಗಡಿ
ಈ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತಿದ್ದೇನೆ, ಈ ಕೋನದಿಂದ ಯೋಚಿಸಿರಲಿಲ್ಲ. ಒಪ್ಪಿದೆ. ಆದರೂ ನೂರು ರೂಪಾಯಿಯದ್ದು ಕೊಳ್ಳಿರಿ ಎಂದು ನನ್ನ ಬಾಯಿಂದ ಹೇಳಿಸಬೇಡಿ.

ಹಾವೇರಿಯ ಅಮ್ಮ
ನನ್ನ ಮಗಳಿಗೆ ಆರು ವರ್ಷ, ಸ್ವಲ್ಪ ಮೆಳ್ಳೆಗಣ್ಣು. ಚಸ್ಮಾದ ನಂಬರ್ ಸರಿಯಾಗಿ ಸಿಗಬೇಕೆಂದರೆ ಮೂರು ದಿನ ಮನೆಯಲ್ಲೇ ಕಣ್ಣಿಗೆ ಅಟ್ರೋಪಿನ್ ಮುಲಾಮು ಹಚ್ಚಿಕೊಂಡು ಬನ್ನಿ ಎಂದಿದ್ದರು. ಹಚ್ಚಿದೆ. ಎರಡನೆಯ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ನನ್ನ ಬಲಗಣ್ಣಿನ ಪಾಪೆ ದೊಡ್ಡದು, ಎಡಗಣ್ಣಿನದು ಸಣ್ಣದು! ಅತ್ತೆಯವರು ಪಾರ್ಶ್ವವಾಯು ಎಂದು ಗಾಬರಿಯಾದರು. ನಮ್ಮ ಮೈದುನ ಮೊಬೈಲ್ ತೆರೆದು ಮಿದುಳಿನ ಗಡ್ಡೆಯವರೆಗೆ ಓದಿ ಹೇಳಿದ. ಅಳುತ್ತಾ ಆಸ್ಪತ್ರೆಗೆ ಓಡಿದೆ. ವೈದ್ಯರು ನೋಡಿ, "ಮನೆಯಲ್ಲಿ ಮಗುವಿನ ಕಣ್ಣಿಗೆ ಏನಾದರೂ ಹಚ್ಚುತ್ತಿದ್ದೀರಾ ಅಮ್ಮ?" ಎಂದು ಕೇಳಿದರು. ಮುಲಾಮು ಹಚ್ಚಿದ ಬೆರಳಿನಿಂದಲೇ ನನ್ನ ಕಣ್ಣು ಉಜ್ಜಿಕೊಂಡಿದ್ದೆ. ಸರಿಹೋಗಲು ಒಂಬತ್ತು ದಿನ ಬೇಕಾಯಿತು. ಹಚ್ಚಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ ಎಂಬ ಒಂದೇ ಮಾತು ಸಾಕಿತ್ತು.

ಮಗಳಿಗೆ ಶಾಲೆಯಲ್ಲಿ ಕಷ್ಟವಾಯಿತು. ಪುಸ್ತಕ ಕಾಣದು, ಬಯಲಿನಲ್ಲಿ ಪ್ರಾರ್ಥನೆಗೆ ನಿಂತರೆ ಕಣ್ಣು ತೆರೆಯಲಾಗದು. ಟೀಚರ್ ಹಟ ಎಂದುಕೊಂಡರು. ವೈದ್ಯರಿಂದ ಎರಡು ಸಾಲು ಬರೆಸಿಕೊಂಡು ಹೋದ ಮೇಲೆ ಟೋಪಿ ಹಾಕಿಕೊಳ್ಳಲು ಬಿಟ್ಟರು.

ಹಳೆಯ ಟಾರ್ಚ್
ಅಕ್ಕ, ಇದನ್ನು ಬರೆದದ್ದು ಒಳ್ಳೆಯದಾಯಿತು. ಮುಲಾಮು ಹಚ್ಚಿದ ಮಗುವಿನ ಮುಖ ಕೆಂಪಾದರೆ, ಮೈ ಬಿಸಿಯಾದರೆ, ಬಾಯಿ ಒಣಗಿದರೆ, ಮಗು ಏನೇನೋ ಮಾತನಾಡಿದರೆ ಮುಂದಿನ ಸಲದ್ದು ಹಚ್ಚದೆ ವೈದ್ಯರಿಗೆ ತಿಳಿಸಬೇಕು. ಟ್ಯೂಬು ಮಕ್ಕಳ ಕೈಗೆ ಸಿಗಬಾರದು, ಬಾಯಿಗೆ ಹೋದರೆ ಅದು ವಿಷ.

ಸಸ್ಯಶಾಸ್ತ್ರದ ಮೇಷ್ಟ್ರು
ಸ್ವಲ್ಪ ಹಾದಿ ತಪ್ಪಿಸುತ್ತೇನೆ, ಕ್ಷಮಿಸಿ. ಅಟ್ರೋಪಿನ್ ಗಿಡದಿಂದ ಬಂದದ್ದು. ನಮ್ಮ ಹೊಲದ ಬದುವಿನಲ್ಲಿ, ತಿಪ್ಪೆಯ ಪಕ್ಕದಲ್ಲಿ ಬೆಳೆಯುವ ಮದಗುಣಿಕೆಯಲ್ಲೂ ಅದೂ, ಅದರ ಬಂಧುಗಳೂ ಇವೆ. ಕಳೆ ಕೀಳುವಾಗ ಆ ರಸ ಕೈಗೆ ತಾಗಿ, ಅದೇ ಕೈಯಿಂದ ಬೆವರು ಒರೆಸಿಕೊಂಡರೆ ಒಂದು ಕಣ್ಣಿನ ಪಾಪೆ ಹಿಗ್ಗುತ್ತದೆ, ಹಾವೇರಿಯ ಅಕ್ಕನಿಗೆ ಆದಂತೆಯೇ. ಯುರೋಪಿನಲ್ಲಿ ಇದೇ ಕುಟುಂಬದ ಇನ್ನೊಂದು ಗಿಡದ ಹೆಸರು ಬೆಲ್ಲಡೋನಾ, ಇಟಲಿಯ ಭಾಷೆಯಲ್ಲಿ ಚೆಲುವೆ ಎಂದರ್ಥ. ಅಲ್ಲಿನ ಹೆಂಗಸರು ಕಣ್ಣು ಅಗಲವಾಗಿ ಕಾಣಲಿ ಎಂದು ಅದರ ರಸ ಬಿಟ್ಟುಕೊಳ್ಳುತ್ತಿದ್ದರಂತೆ. ಚೆಲುವೆಗೆ ಎದುರು ನಿಂತವನ ಮುಖವೇ ಮಸುಕಾಗಿ ಕಾಣುತ್ತಿದ್ದಿರಬೇಕು.

ಶಿಗ್ಗಾವಿ ಕ್ರಾಸ್
ಮೇಷ್ಟ್ರೇ, ಇದು ಗೊತ್ತಿರಲಿಲ್ಲ. ನನ್ನದೊಂದು ಸಣ್ಣ ಪ್ರಶ್ನೆ: ಬೇಗ ಇಳಿಯಲು ಮನೆಮದ್ದು ಇದೆಯೇ? ನಮ್ಮಲ್ಲಿ ಔಡಲ ಎಣ್ಣೆ ಬಿಡುತ್ತಾರೆ, ಗುಲಾಬಿ ನೀರು ಹಾಕುತ್ತಾರೆ. ಅಜ್ಜನ ಗ್ಲಾಕೋಮಾದ, ಅಂದರೆ ಕಣ್ಣಿನ ಒತ್ತಡದ ಕಾಯಿಲೆಯ, ಹನಿ ಪಾಪೆಯನ್ನು ಸಣ್ಣದು ಮಾಡುತ್ತದೆ ಎಂದೂ ಕೇಳಿದ್ದೇನೆ.

ಹಳೆಯ ಟಾರ್ಚ್
ಎಣ್ಣೆ, ಗುಲಾಬಿ ನೀರು, ಎದೆಹಾಲು ಯಾವುದೂ ಬೇಡ. ಅಜ್ಜನ ಹನಿಯಂತೂ ಬೇಡವೇ ಬೇಡ. ಪಾಪೆಯನ್ನು ಮುದುಡಿಸುವ ಪೈಲೋಕಾರ್ಪಿನ್ ಎಂಬುದೊಂದಿದೆ, ಅದನ್ನು ಯಾವಾಗ ಹಾಕಬೇಕು ಎಂಬುದು ವೈದ್ಯರ ಲೆಕ್ಕ. ತಪ್ಪಿ ಹಾಕಿದರೆ ತಲೆನೋವು, ಹುಬ್ಬುನೋವು ಬೇರೆ. ಹಿಗ್ಗಿದ ಪಾಪೆಯನ್ನು ಬೇಗ ಇಳಿಸುವುದಕ್ಕೆಂದೇ ಫೆಂಟೊಲಮೈನ್ ಎಂಬ ಹನಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿದೆ. ನಮಗೆ ಸದ್ಯ ನೆರಳೂ ಹೊತ್ತೂ ಸಾಕು.

ಮುಳಗುಂದ ನಾಕಾ
ಇಲ್ಲಿಯವರೆಗೆ ಎಲ್ಲರೂ ನಗುತ್ತಾ ಬರೆದಿದ್ದೀರಿ. ನಮ್ಮ ಅವ್ವನದ್ದು ನಗುವ ಕಥೆಯಲ್ಲ.

ಮೂರು ವರ್ಷದ ಹಿಂದಿನ ಮಾತು. ಅವ್ವನಿಗೆ ಅರವತ್ತೆರಡು. ಪೊರೆ ಬಂದಿದೆಯೇ ನೋಡೋಣ ಎಂದು ಒಂದು ಕಡೆ ತೋರಿಸಿದೆವು. ಹನಿ ಹಾಕಿದರು, ನೋಡಿದರು, ಮಧ್ಯಾಹ್ನದ ಹೊತ್ತಿಗೆ ಬಸ್ಸಿನಲ್ಲಿ ಊರಿಗೆ ಬಂದೆವು. ಸಂಜೆಯವರೆಗೆ ಆರಾಮಾಗಿ ಇದ್ದಳು. ರಾತ್ರಿ ಎಂಟರ ಸುಮಾರಿಗೆ ಬಲಗಣ್ಣು, ಬಲ ಹಣೆ ಸಿಡಿಯುತ್ತಿದೆ ಎಂದಳು. ಆಮೇಲೆ ವಾಂತಿ. ಬಿಸಿಲಿಗೆ ಪಿತ್ತ ಕೆದರಿದೆ ಎಂದು ನಿಂಬೆಹಣ್ಣಿನ ಶರಬತ್ತು ಕೊಟ್ಟೆವು. ಬಲ್ಬಿನ ಸುತ್ತ ಕಾಮನಬಿಲ್ಲು ಕಾಣುತ್ತದೆ ಎಂದಳು, ಹನಿಯ ಪ್ರಭಾವ ಇರಬೇಕು, ಬೆಳಿಗ್ಗೆ ಇಳಿಯುತ್ತದೆ ಎಂದೆ. ಹೇಳಿದವನು ನಾನೇ. ಬೆಳಿಗ್ಗೆ ಕಣ್ಣು ಕೆಂಡದಂತಾಗಿತ್ತು, ಆ ಕಣ್ಣಿನಿಂದ ನನ್ನ ಬೆರಳು ಎಣಿಸಲು ಆಗಲಿಲ್ಲ. ಹುಬ್ಬಳ್ಳಿಗೆ ಓಡಿದೆವು. ಕಣ್ಣಿನ ಒತ್ತಡ ಐವತ್ತು ದಾಟಿತ್ತು. ಇಪ್ಪತ್ತೊಂದರ ಒಳಗೆ ಇರಬೇಕಂತೆ. ಔಷಧ ಕೊಟ್ಟು ಒತ್ತಡ ಇಳಿಸಿ, ಲೇಸರ್‌ನಿಂದ ಎರಡೂ ಕಣ್ಣಿಗೆ ಸಣ್ಣ ಕಿಂಡಿ ಮಾಡಿದರು. ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿನ ನೋಟ ಪೂರ್ತಿ ಮರಳಲಿಲ್ಲ. ರಾತ್ರಿಯೇ ಬಂದಿದ್ದರೆ ಎಂದು ವೈದ್ಯರು ಅರ್ಧಕ್ಕೆ ನಿಲ್ಲಿಸಿದರು.

ಸಪ್ತಾಪುರದವನು
ಅಣ್ಣಾ, ಓದಿ ಏನು ಬರೆಯಬೇಕೋ ತೋಚುತ್ತಿಲ್ಲ. ಅವ್ವ ಈಗ ಹೇಗಿದ್ದಾರೆ?

ಮುಳಗುಂದ ನಾಕಾ
ರೊಟ್ಟಿ ಬಡಿಯುತ್ತಾಳೆ, ಧಾರಾವಾಹಿ ನೋಡುತ್ತಾಳೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಾಳೆ.

ಹಳೆಯ ಟಾರ್ಚ್
ಇದನ್ನು ಎಲ್ಲರೂ ಎರಡು ಸಲ ಓದಿರಿ. ಕಣ್ಣೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಕರಿಯ ಗುಡ್ಡೆಯ ಅಂಚಿನ ಮೂಲೆಯಿಂದ ಹೊರಗೆ ಹರಿಯುತ್ತಲೇ ಇರುತ್ತದೆ. ಕೆಲವರಿಗೆ ಆ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಪಾಪೆ ಹಿಗ್ಗಿ ಮತ್ತೆ ಇಳಿಯುವಾಗ, ಅರ್ಧಕ್ಕೆ ನಿಂತ ಹೊತ್ತಿನಲ್ಲಿ ಆ ದಾರಿ ಮುಚ್ಚಿಕೊಂಡರೆ ಒತ್ತಡ ಸರ್ರನೆ ಏರುತ್ತದೆ. ಆಸ್ಪತ್ರೆಯಲ್ಲಿ ಚೆನ್ನಾಗಿದ್ದವರಿಗೆ ರಾತ್ರಿ ಬರುವುದು ಅದಕ್ಕೇ. ತೀರಾ ಅಪರೂಪ. ನನ್ನ ಮೂವತ್ತು ವರ್ಷದಲ್ಲಿ ಒಂದು ಕೈಬೆರಳಿನಲ್ಲಿ ಎಣಿಸುವಷ್ಟು ಕಂಡಿದ್ದೇನೆ. ಪ್ಲಸ್ ನಂಬರ್ ಚಸ್ಮಾ ಇರುವವರು, ವಯಸ್ಸಾದವರು, ಅದರಲ್ಲೂ ಹೆಂಗಸರು, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿರುವವರು ಹನಿಗೆ ಮೊದಲೇ ಹೇಳಬೇಕು. ನಾವು ಹನಿ ಹಾಕುವ ಮೊದಲು ಕಣ್ಣಿಗೆ ಪಕ್ಕದಿಂದ ಟಾರ್ಚ್ ಬಿಡುವುದು ಆ ಮೂಲೆ ಎಷ್ಟು ಅಗಲ ಇದೆ ಎಂದು ಅಂದಾಜು ಮಾಡಲು. ನನ್ನ ಹೆಸರು ಬಂದದ್ದೂ ಅಲ್ಲಿಂದಲೇ.

ಹನಿಯ ದಿನ ಬೆಳಕು ಕುಕ್ಕುವುದು ಮಾಮೂಲು, ಮಂಜಾಗುವುದು ಮಾಮೂಲು. ನೋವು ಮಾಮೂಲಲ್ಲ. ಕಣ್ಣು ಸಿಡಿತ, ವಾಂತಿ, ಕೆಂಪು, ದೀಪದ ಸುತ್ತ ಬಣ್ಣದ ಉಂಗುರ ಇವು ಸೇರಿ ಬಂದರೆ ಬೆಳಗಾಗಲಿ ಎನ್ನಬೇಡಿ. ಹುಬ್ಬಳ್ಳಿಯಲ್ಲಿ ನಾವು ಕಿಮ್ಸ್ ಎನ್ನುವಂಥ ದೊಡ್ಡ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಇವತ್ತು ಕಣ್ಣಿಗೆ ಹನಿ ಹಾಕಿದ್ದರು ಎಂಬುದನ್ನು ಮೊದಲ ಮಾತಾಗಿ ಹೇಳಿ, ಇಲ್ಲದಿದ್ದರೆ ಅಲ್ಲಿಯೂ ವಾಂತಿಗೇ ಔಷಧ ಕೊಟ್ಟಾರು.

ಇನ್ನೊಂದು: ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದವರೂ ಮೊದಲೇ ತಿಳಿಸಿ. ಫಿನೈಲ್‌ಎಫ್ರಿನ್, ಅದರಲ್ಲೂ ಗಟ್ಟಿಯಾದದ್ದು, ಬಿಪಿ ಏರಿಸಬಲ್ಲದು. ಅದಿಲ್ಲದ ಹನಿಯೂ ಇದೆ.

ನವನಗರ ಕಾರ್ನರ್
ಇದನ್ನೆಲ್ಲ ಓದಿದ ಮೇಲೆ ಹನಿಯೇ ಬೇಡ ಎನಿಸುತ್ತಿದೆ. ಹನಿ ಇಲ್ಲದೆ ಕ್ಯಾಮೆರಾದಲ್ಲಿ ಫೋಟೊ ತೆಗೆಯುತ್ತಾರಲ್ಲ?

ಮುಳಗುಂದ ನಾಕಾ
ಬೇಡ ಎನ್ನಬೇಡಿ. ಅವ್ವನ ಕಥೆ ಬರೆದದ್ದು ಹೆದರಿಸಲು ಅಲ್ಲ. ಸಕ್ಕರೆ ಕಾಯಿಲೆಯ ನಮ್ಮ ದೊಡ್ಡಪ್ಪ ಹನ್ನೆರಡು ವರ್ಷ ಕಣ್ಣು ತೋರಿಸದೆ ಕುಳಿತು, ಒಂದು ದಿನ ಕಣ್ಣೊಳಗೆ ರಕ್ತ ಒಡೆದು ಕತ್ತಲಾದ ಮೇಲೆ ಬಂದ.

ಹಳೆಯ ಟಾರ್ಚ್
ಅದೇ ಮಾತು. ಕ್ಯಾಮೆರಾ ಒಳ್ಳೆಯ ಜರಡಿ. ಆದರೆ ಮುದುಡಿದ ಪಾಪೆಯಿಂದ ನೋಡುವುದು ಬೀಗದ ಕಿಂಡಿಯಿಂದ ಕೋಣೆ ನೋಡಿದಂತೆ. ನಡುಮನೆ ಕಾಣುತ್ತದೆ, ಮೂಲೆ ಕಾಣುವುದಿಲ್ಲ. ಪೊರೆ ಇದ್ದರೆ ಫೋಟೊ ಮಂಜು. ಸಕ್ಕರೆ ಕಾಯಿಲೆ ಗೊತ್ತಾದ ವರ್ಷವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಬ ರೂಢಿ ಸುಮ್ಮನೆ ಬಂದದ್ದಲ್ಲ. ಕಣ್ಣೆದುರು ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಇಳಿದಂತೆ ಆದರಂತೂ ಅದೇ ದಿನ ಹನಿ ಹಾಕಿಸಿಕೊಂಡು ನೋಡಿಸಲೇಬೇಕು.

ಸ್ವಾಗತ ಮೇಜು
ಎರಡು ದಿನದಿಂದ ಓದುತ್ತಿದ್ದೇನೆ, ತಡೆಯಲಾಗದೆ ಬರೆಯುತ್ತಿದ್ದೇನೆ. ನಾನು ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಫೋನ್ ಎತ್ತುವವಳು. ಯಾವುದು ಎಂದು ಕೇಳಬೇಡಿ. ಸಪ್ತಾಪುರದ ಸರ್, ಮೊದಲೇ ಹೇಳಬಾರದಿತ್ತೇ ಎನ್ನುತ್ತೀರಿ. ಹೇಳುತ್ತಿದ್ದೆವು. "ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ" ಎಂದರೆ ಆಪರೇಷನ್ ಮಾಡುತ್ತಾರೆ ಎಂದು ಹೆದರಿ ಫೋನ್ ಇಡುತ್ತಿದ್ದರು, ಮತ್ತೆ ಬರುತ್ತಲೇ ಇರಲಿಲ್ಲ. ಅದಕ್ಕೇ ನಮ್ಮಲ್ಲಿ ಹಲವರು ಹೇಳುವುದನ್ನೇ ಬಿಟ್ಟರು. ತಪ್ಪೇ, ಒಪ್ಪುತ್ತೇನೆ. ಈಗ ಮಾತು ಬದಲಿಸಿದ್ದೇನೆ. "ಬರೀ ತಪಾಸಣೆ, ಆಪರೇಷನ್ ಇಲ್ಲ. ಕಣ್ಣು ಸಂಜೆವರೆಗೆ ಮಂಜಾಗುತ್ತದೆ. ಗಾಡಿ ತರಬೇಡಿ, ಟೋಪಿ ತನ್ನಿ, ಮಧ್ಯಾಹ್ನ ಲೆಕ್ಕಪತ್ರದ ಕೆಲಸ ಇಟ್ಟುಕೊಳ್ಳಬೇಡಿ" ಎಂದು ಇದ್ದದ್ದನ್ನು ಇದ್ದಹಾಗೆ ಹೇಳುತ್ತೇನೆ. ಬರುತ್ತಾರೆ. ಆದರೂ ಹತ್ತರಲ್ಲಿ ಮೂರು ಜನ ಬೈಕಿನ ಕೀಲಿ ತಿರುಗಿಸುತ್ತಲೇ ಒಳಗೆ ಬರುತ್ತಾರೆ. ಕೀಲಿ ಕಸಿದುಕೊಳ್ಳಲು ನನಗೆ ಅಧಿಕಾರವಿಲ್ಲ.

ಹೊಸೂರು ಸರ್ಕಲ್
ಆ ಮೂರರಲ್ಲಿ ನಾನೊಬ್ಬ ಇರಬಹುದು. ಮುಂದಿನ ಸಲ ತಮ್ಮನನ್ನು ಕರೆದುಕೊಂಡು ಬರುತ್ತೇನೆ ತಂಗಿ. ಎಮ್ಮೆಯ ಮಾತು ತಲೆಯಿಂದ ಹೋಗುತ್ತಿಲ್ಲ.

ಸಪ್ತಾಪುರದವನು
ಎಲ್ಲರಿಗೂ ಒಂದು ವರದಿ. ಇವತ್ತು ಅಪ್ಪನ ಸರದಿ ಇತ್ತು. ನಾನು ಮೊದಲೇ ಫೋನ್ ಮಾಡಿ ಹನಿ ಯಾವುದು, ಎಷ್ಟು ಹೊತ್ತು ಎಂದು ಕೇಳಿದೆ. ಅಪ್ಪನ ಬಿಪಿ ಮಾತ್ರೆಯ ಹೆಸರು ಬರೆದುಕೊಂಡು ಹೋಗಿದ್ದೆ. ಹನಿಗೆ ಮೊದಲು ಒಬ್ಬರು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದಾಗ ಟಾರ್ಚ್ ಕಾಕಾ ನೆನಪಾದರು. ಹೋಗಿ ಬಂದದ್ದು ಚಿಗರಿ ಬಸ್ಸಿನಲ್ಲಿ. ಬರುವಾಗ ಬಲಗಡೆಯ ಕಿಟಕಿಗೆ ಕೂರಿಸಿದೆ, ಬಿಸಿಲು ಎಡಗಡೆಯವರ ಪಾಲಾಯಿತು. ಜುಬಿಲಿ ಸರ್ಕಲ್‌ನಲ್ಲಿ ಇಳಿದು ಅಪ್ಪ ಕೊಡೆ ಬಿಚ್ಚಿದರೆ, ಮಳೆ ಎಲ್ಲಿದೆ ಅಜ್ಜಾ ಎಂದು ಒಬ್ಬ ಹುಡುಗ ಕೇಳಿದ.

ಹಳೆಯ ಟಾರ್ಚ್
ಚೀಟಿಯಲ್ಲಿ ಹನಿಯ ಹೆಸರು ಬರೆಸಿಕೊಂಡಿರಾ?

ಸಪ್ತಾಪುರದವನು
ಬರೆಸಿದೆ ಕಾಕಾ. ಅಪ್ಪ ಚಾಳೀಸು ಹಾಕಿಕೊಂಡು ತಾವೇ ಓದಲು ಹೋದರು. ಅಕ್ಷರ ವೈದ್ಯರದ್ದು, ಹನಿ ಹಾಕಿಸಿಕೊಳ್ಳದ ನನಗೂ ಕಾಣಲಿಲ್ಲ.